ಹಾರ್ಮೋನು ವಿಜ್ಞಾನದ ಹರಿಕಾರ ಆರ್ನಾಲ್ಡ್ ಬೆರ್ತೋಲ್ಡ್

ಪ್ರತಿ ವರ್ಷ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಒಂದು ಪಾಠ ಬರುತ್ತದೆ. ಅದು ಬಂದ ದಿನ ತರಗತಿಯಲ್ಲಿ ಮೌನ ಆವರಿಸುತ್ತದೆ. ಮಕ್ಕಳು ತಲೆ ತಗ್ಗಿಸುತ್ತಾರೆ, ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಕೇಳುತ್ತದೆ. ಮೇಷ್ಟರು ಗಂಟಲು ಸರಿಪಡಿಸಿಕೊಂಡು, ಇದನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ಪುಟ ತಿರುಗಿಸುತ್ತಾರೆ. ನಾನು ಭಾಷಾ ಶಿಕ್ಷಕ. ವಿಜ್ಞಾನ ಮೇಷ್ಟರು ರಜೆ ಹಾಕಿದ್ದ ಒಂದು ದಿನ ಅವರ ತರಗತಿಗೆ ಹೋದಾಗ ನಾನೂ ಹಾಗೆಯೇ ಮಾಡಿದ್ದೆ. ಅದಾದ ಕೆಲವು ತಿಂಗಳಿಗೆ ನಡೆದ ಒಂದು ಘಟನೆ ನನ್ನ ಕಣ್ಣು ತೆರೆಸಿತು. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು, ಆ ಪಾಠದ ಹಿಂದಿರುವ ಒಬ್ಬ ಮಹನೀಯರ ಪರಿಚಯ ಮಾಡಿಕೊಳ್ಳೋಣ.

ನ್ಯೂಟನ್, ಡಾರ್ವಿನ್, ಐನ್‌ಸ್ಟೈನ್ ಮುಂತಾದವರ ಹೆಸರು ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದೆ. ಆರ್ನಾಲ್ಡ್ ಅಡಾಲ್ಫ್ ಬೆರ್ತೋಲ್ಡ್ ಅವರ ಹೆಸರು ಹೆಚ್ಚಾಗಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಮಾತ್ರ ಗೊತ್ತು. ಹಾರ್ಮೋನುಗಳನ್ನು ಕುರಿತ ವಿಜ್ಞಾನಕ್ಕೆ ಅಡಿಗಲ್ಲು ಹಾಕಿದವರೆಂದು ವೈದ್ಯಕೀಯ ಪಠ್ಯಗಳು ಇವರನ್ನು ಸ್ಮರಿಸುತ್ತವೆ. ಆ ಅಡಿಗಲ್ಲು ಹಾಕಲು ಅವರಿಗೆ ಬೇಕಾದದ್ದು ದೊಡ್ಡ ಯಂತ್ರಗಳಲ್ಲ. ಆರು ಹುಂಜಗಳು, ಒಂದು ಹರಿತವಾದ ಚಾಕು ಮತ್ತು ಸರಿಯಾದ ಒಂದು ಪ್ರಶ್ನೆ, ಅಷ್ಟೇ.

ವಿದ್ಯಾಭ್ಯಾಸ ಮತ್ತು ವೃತ್ತಿ

ಬೆರ್ತೋಲ್ಡ್ ಜನಿಸಿದ್ದು 1803ರ ಫೆಬ್ರವರಿ 26ರಂದು, ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದ ಸೋಸ್ಟ್ ಎಂಬ ಊರಿನಲ್ಲಿ. 1819ರಲ್ಲಿ, ಅಂದರೆ ಹದಿನಾರನೇ ವಯಸ್ಸಿನಲ್ಲಿ, ವೈದ್ಯಕೀಯ ಕಲಿಯಲು ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಬಂದರು. ಮಹಾ ಗಣಿತಜ್ಞ ಗೌಸ್ ಆಗ ಅದೇ ಊರಿನಲ್ಲಿದ್ದರು. 1823ರಲ್ಲಿ ವೈದ್ಯಕೀಯ ಪದವಿ ಪಡೆದ ಬೆರ್ತೋಲ್ಡ್, ಬರ್ಲಿನ್, ಪ್ಯಾರಿಸ್ ಮುಂತಾದ ಕಡೆಗಳಲ್ಲಿ ಹೆಚ್ಚಿನ ಅಧ್ಯಯನ ನಡೆಸಿ ಮತ್ತೆ ಗಾಟಿಂಗೆನ್‌ಗೇ ಮರಳಿದರು. ಮುಂದೆ ಜೀವನಪೂರ್ತಿ ಅಲ್ಲೇ ಪಾಠ ಹೇಳಿದರು, ರೋಗಿಗಳನ್ನು ನೋಡಿದರು, ಪ್ರಾಣಿಗಳನ್ನು ಅಭ್ಯಸಿಸಿದರು. 1829ರಲ್ಲಿ ಶರೀರಕ್ರಿಯಾ ವಿಜ್ಞಾನದ ಪಠ್ಯಪುಸ್ತಕ ಬರೆದರು. 1830ರ ದಶಕದಲ್ಲಿ ಪ್ರಾಧ್ಯಾಪಕರಾದರು. ಹಲ್ಲಿ, ಹಾವು, ಕಪ್ಪೆಗಳ ಜಾತಿಗಳನ್ನು ಗುರುತಿಸಿ ವಿವರಿಸಿದರು. ವಿಶ್ವವಿದ್ಯಾಲಯದ ಪ್ರಾಣಿ ಸಂಗ್ರಹಾಲಯದ ಹೊಣೆಯನ್ನೂ ಹೊತ್ತರು.

ಅವರ ಇನ್ನೊಂದು ಸಾಧನೆಯನ್ನು ಇಲ್ಲಿ ಹೇಳಲೇಬೇಕು. ಆ ಕಾಲದ ಯೂರೋಪಿನಲ್ಲಿ ಆರ್ಸೆನಿಕ್ ಎಂಬ ಪಾಷಾಣದಿಂದ ಎಷ್ಟೋ ಜನ ಸಾಯುತ್ತಿದ್ದರು. 1834ರಲ್ಲಿ ಬೆರ್ತೋಲ್ಡ್ ಮತ್ತು ಯುವ ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನ್ ಸೇರಿ, ಆಗತಾನೆ ತಯಾರಿಸಿದ ಕಬ್ಬಿಣದ ಹೈಡ್ರಾಕ್ಸೈಡು ಹೊಟ್ಟೆಯೊಳಗಿನ ಆರ್ಸೆನಿಕ್ಕನ್ನು ಹಿಡಿದು ನಿರುಪದ್ರವಿ ಮಾಡುತ್ತದೆ ಎಂದು ತೋರಿಸಿದರು. ನಮ್ಮ ಶಾಲಾ ಪ್ರಯೋಗಾಲಯಗಳಲ್ಲಿರುವ ಬುನ್ಸೆನ್ ಬರ್ನರಿಗೆ ಹೆಸರು ಕೊಟ್ಟವರು ಇದೇ ಬುನ್ಸೆನ್.

ಹಿಂದಿನವರಿಗೆ ಏನು ಗೊತ್ತಿತ್ತು?

ಗಂಡು ಪ್ರಾಣಿಯ ವೃಷಣಗಳನ್ನು ತೆಗೆದರೆ ಅದರ ಸ್ವಭಾವವೇ ಬದಲಾಗುತ್ತದೆ ಎಂಬುದು ರೈತರಿಗೆ ಸಾವಿರಾರು ವರ್ಷಗಳಿಂದ ತಿಳಿದ ಸಂಗತಿ. ಗುಬ್ಬಿ ಕಡೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಬೀಜ ಒಡೆಸದ ಹೋರಿ ಹಾಯುತ್ತದೆ, ಹಗ್ಗ ಕೀಳುತ್ತದೆ. ಒಡೆಸಿದ ಮೇಲೆ ಅದು ಎತ್ತಾಗಿ ಸೌಮ್ಯವಾಗಿ ನೊಗಕ್ಕೆ ಹೆಗಲು ಕೊಡುತ್ತದೆ. ಬಕ್ರೀದ್ ಸಮಯದಲ್ಲಿ ನಮ್ಮ ಮನೆಗಳಲ್ಲಿ ಖಸ್ಸಿ ಎಂಬ ಮಾತು ಕೇಳದವರಿಲ್ಲ. ಖಸ್ಸಿ ಮಾಡಿದ ಹೋತಕ್ಕೆ ಹೋತದ ವಾಸನೆ ಇರುವುದಿಲ್ಲ, ಮೈ ತುಂಬಿಕೊಳ್ಳುತ್ತದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನ ಜನಕ್ಕೆ ಬೀಜದ ಕುದುರೆಗೂ ಬೀಜ ತೆಗೆದ ಕುದುರೆಗೂ ಇರುವ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ.

ಪಂಡಿತರೂ ಇದನ್ನು ಗಮನಿಸಿದ್ದರು. ಗ್ರೀಸಿನ ಅರಿಸ್ಟಾಟಲ್ ಇದನ್ನು ಬರೆದಿಟ್ಟಿದ್ದಾನೆ. ಒಂಬತ್ತನೇ ಶತಮಾನದ ಬಸ್ರಾ ನಗರದ ಮಹಾ ಲೇಖಕ ಅಲ್‌ಜಾಹಿಜ್ ತಮ್ಮ ಕಿತಾಬ್ ಅಲ್‌ಹಯವಾನ್ ಎಂಬ ಪ್ರಾಣಿಗಳ ಗ್ರಂಥದಲ್ಲಿ ಖಸ್ಸಿಯಾದ ಪ್ರಾಣಿಗಳು ಮತ್ತು ಮನುಷ್ಯರಲ್ಲಿ ಆಗುವ ಬದಲಾವಣೆಗಳನ್ನು ದೀರ್ಘವಾಗಿ ಚರ್ಚಿಸಿದ್ದಾರೆ. ಇಬ್ನ್ ಸೀನಾ ತಮ್ಮ ಅಲ್‌ಕಾನೂನ್ ಗ್ರಂಥದಲ್ಲಿ ಸಂತಾನಾಂಗಗಳ ರಚನೆ ಮತ್ತು ರೋಗಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ. ಈ ವಿಷಯವನ್ನು ಬರೆಯಲು ನಮ್ಮ ಹಿರಿಯ ವಿದ್ವಾಂಸರು ನಾಚಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಆದರೆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ವೃಷಣ ಇರುವುದು ಒಂದು ಕಡೆ, ಗಂಟಲಿನ ಧ್ವನಿ, ಮುಖದ ಗಡ್ಡ, ಕೋಳಿಯ ಜುಟ್ಟು ಇರುವುದು ಇನ್ನೊಂದು ಕಡೆ. ಇಷ್ಟು ದೂರದ ಅಂಗಗಳಿಗೆ ಅಪ್ಪಣೆ ತಲುಪುವುದು ಹೇಗೆ? ನರಗಳ ಮೂಲಕವೇ ಇರಬೇಕು ಎಂದು ಆ ಕಾಲದ ಹೆಚ್ಚಿನ ವೈದ್ಯರು ನಂಬಿದ್ದರು. ದೇಹದ ಒಂದು ಭಾಗ ಇನ್ನೊಂದು ಭಾಗಕ್ಕೆ ಸುದ್ದಿ ಕಳಿಸಲು ನರವನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದು ಅವರ ಎಣಿಕೆ.

ಆರು ಹುಂಜಗಳ ಪ್ರಯೋಗ

1848ರ ಆಗಸ್ಟ್ 2ರಂದು ಬೆರ್ತೋಲ್ಡ್ ಎರಡು ಮೂರು ತಿಂಗಳ ಆರು ಎಳೆ ಹುಂಜಗಳನ್ನು ತೆಗೆದುಕೊಂಡರು. ಕೋಳಿಗಳಲ್ಲಿ ವೃಷಣಗಳು ದೇಹದ ಹೊರಗಿರುವುದಿಲ್ಲ, ಹೊಟ್ಟೆಯೊಳಗೆ ಬೆನ್ನಿನ ಕಡೆ ಮೂತ್ರಪಿಂಡದ ಹತ್ತಿರ ಇರುತ್ತವೆ. ಮಾಂಸ ಮೃದುವಾಗಲೆಂದು ಹುಂಜದ ವೃಷಣ ತೆಗೆದು ಸಾಕುವ ರೂಢಿ ಯೂರೋಪಿನಲ್ಲಿ ಹಳೆಯದು. ಆದ್ದರಿಂದ ಆ ಶಸ್ತ್ರಕ್ರಿಯೆ ಅಲ್ಲಿ ಹೊಸದಾಗಿರಲಿಲ್ಲ. ಆರು ಹುಂಜಗಳನ್ನು ಅವರು ಮೂರು ಜೋಡಿ ಮಾಡಿಕೊಂಡರು.

ಮೊದಲ ಜೋಡಿಯ ಎರಡೂ ವೃಷಣಗಳನ್ನು ಪೂರ್ತಿ ತೆಗೆದುಬಿಟ್ಟರು. ಎರಡನೇ ಜೋಡಿಯಲ್ಲಿ ಒಂದು ವೃಷಣವನ್ನು ತೆಗೆದು, ಇನ್ನೊಂದನ್ನು ಅದರ ಸಂಬಂಧಗಳಿಂದ ಬಿಡಿಸಿ ಹೊಟ್ಟೆಯೊಳಗೇ ಬಿಟ್ಟರು. ಮೂರನೇ ಜೋಡಿಯಲ್ಲಿ ಎರಡೂ ವೃಷಣಗಳನ್ನು ತೆಗೆದು, ಒಂದು ಹುಂಜದ ವೃಷಣವನ್ನು ಇನ್ನೊಂದರ ಹೊಟ್ಟೆಯೊಳಗೆ ಕರುಳಿನ ನಡುವೆ ಇಟ್ಟರು. ಅಂದರೆ ಪರಸ್ಪರ ಅದಲುಬದಲು ಮಾಡಿದರು. ನಂತರ ಗಾಯ ಹೊಲಿದು, ತಿಂಗಳುಗಟ್ಟಲೆ ಕಾದರು.

ಮೊದಲ ಜೋಡಿ ನಿರೀಕ್ಷೆಯಂತೆಯೇ ಬೆಳೆಯಿತು. ಜುಟ್ಟು ಮತ್ತು ಗಂಟಲ ಕೆಳಗಿನ ಜೋಲು ಚಿಕ್ಕದಾಗಿ ಬಿಳಿಚಿಕೊಂಡವು. ಅವು ಹುಂಜದಂತೆ ಕೂಗಲಿಲ್ಲ, ಕಾದಾಡಲಿಲ್ಲ, ಹೇಂಟೆಗಳ ಕಡೆ ತಿರುಗಿಯೂ ನೋಡಲಿಲ್ಲ. ಉಳಿದ ನಾಲ್ಕೂ ಮಾತ್ರ ಅಪ್ಪಟ ಹುಂಜಗಳಾಗಿಯೇ ಬೆಳೆದವು. ಕೆಂಪು ಜುಟ್ಟು ಎತ್ತಿ ನಿಂತವು, ಗಟ್ಟಿಯಾಗಿ ಕೂಗಿದವು, ಒಂದರ ಮೇಲೊಂದು ಬಿದ್ದು ಕಾದಾಡಿದವು, ಹೇಂಟೆಗಳನ್ನು ಅಟ್ಟಿಸಿಕೊಂಡು ಹೋದವು.

ಬೆರ್ತೋಲ್ಡ್ ಅಷ್ಟಕ್ಕೇ ನಿಲ್ಲಲಿಲ್ಲ. ಹೊಟ್ಟೆಯನ್ನು ಕೊಯ್ದು ಪರೀಕ್ಷಿಸಿದರು. ಕಸಿ ಮಾಡಿದ ವೃಷಣ ಕರುಳಿಗೆ ಅಂಟಿ ಬೆಳೆದಿತ್ತು. ಹೊಸ ರಕ್ತನಾಳಗಳು ಅದರೊಳಗೆ ಹೊಕ್ಕಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವೀರ್ಯಾಣುಗಳೂ ಕಂಡವು. ಆದರೆ ಹಳೆಯ ನರಗಳ ಸಂಬಂಧ ಉಳಿದಿರಲಿಲ್ಲ. ನರವಿಲ್ಲದಿದ್ದರೂ ಜುಟ್ಟು ಬೆಳೆದಿದೆ, ಧ್ವನಿ ಬಂದಿದೆ. ಅಂದಮೇಲೆ ಸುದ್ದಿ ಹೋಗಿರುವುದು ರಕ್ತದ ಮೂಲಕ. ವೃಷಣವು ರಕ್ತದ ಮೇಲೆ ಏನೋ ಪ್ರಭಾವ ಬೀರುತ್ತದೆ, ಆ ರಕ್ತ ಇಡೀ ದೇಹದ ಮೇಲೆ ಪ್ರಭಾವ ಬೀರುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. 1849ರಲ್ಲಿ ಕೆಲವೇ ಪುಟಗಳ ಒಂದು ಚಿಕ್ಕ ಲೇಖನದಲ್ಲಿ ಇದನ್ನು ಪ್ರಕಟಿಸಿದರು.

ಈ ಪ್ರಯೋಗದ ಸೊಗಸನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲ ಜೋಡಿ ಇಲ್ಲದಿದ್ದರೆ ಉಳಿದ ನಾಲ್ಕರಿಂದ ಏನೂ ಸಿದ್ಧವಾಗುತ್ತಿರಲಿಲ್ಲ. ಹೋಲಿಸಿ ನೋಡಲು ಒಂದು ಗುಂಪನ್ನು ಇಟ್ಟುಕೊಳ್ಳುವುದೇ ವಿಜ್ಞಾನದ ಪ್ರಯೋಗದ ಜೀವಾಳ.

ಮರೆತುಹೋದ ಸತ್ಯ

ಇಷ್ಟು ದೊಡ್ಡ ಸಂಗತಿ ಕಂಡುಹಿಡಿದವರನ್ನು ಜಗತ್ತು ತಲೆಯ ಮೇಲೆ ಹೊತ್ತಿರಬೇಕು ಎಂದು ನಾವು ಭಾವಿಸುತ್ತೇವೆ. ಹಾಗಾಗಲಿಲ್ಲ. ಗಾಟಿಂಗೆನ್ನಿನಲ್ಲೇ ಇದ್ದ ಹೆಸರಾಂತ ಪ್ರಾಧ್ಯಾಪಕ ರುಡಾಲ್ಫ್ ವ್ಯಾಗ್ನರ್ ಅದೇ ಪ್ರಯೋಗ ಮಾಡಿ ನೋಡಿದರು. ಅವರಿಗೆ ಕಸಿ ಹಿಡಿಯಲಿಲ್ಲ. ಒಂದು ಜೀವಿಯ ಅಂಗವನ್ನು ಇನ್ನೊಂದು ಜೀವಿಯ ದೇಹ ಸಾಮಾನ್ಯವಾಗಿ ಹೊರಗಿನದೆಂದು ತಿರಸ್ಕರಿಸುತ್ತದೆ ಎಂದು ಇಂದು ನಮಗೆ ಗೊತ್ತಿದೆ. ಆಗ ಅದು ತಿಳಿದಿರಲಿಲ್ಲ. ಪ್ರಯೋಗ ಮತ್ತೆ ಆಗಲಿಲ್ಲವೆಂದ ಮೇಲೆ ಜನ ಅದನ್ನು ಮರೆತರು. ಬೆರ್ತೋಲ್ಡ್ ಕೂಡ ಆ ಕೆಲಸವನ್ನು ಮುಂದುವರಿಸಲಿಲ್ಲ. 1861ರಲ್ಲಿ, 58 ವರ್ಷ ತುಂಬುವ ಮೊದಲೇ, ಗಾಟಿಂಗೆನ್ನಿನಲ್ಲಿ ತೀರಿಕೊಂಡರು. ತಾವು ಒಂದು ಹೊಸ ವಿಜ್ಞಾನದ ಬಾಗಿಲು ತೆರೆದಿದ್ದೇವೆಂದು ಅವರಿಗೆ ತಿಳಿಯುವ ಅವಕಾಶವೇ ಬರಲಿಲ್ಲ.

ಆ ಬಾಗಿಲಿನಿಂದ ಮುಂದೆ ಒಬ್ಬೊಬ್ಬರಾಗಿ ಒಳಬಂದರು. 1850ರಲ್ಲಿ ಫ್ರಾಂಜ್ ಲೈಡಿಗ್ ವೃಷಣದ ನಾಳಗಳ ನಡುವೆ ಇರುವ ವಿಶೇಷ ಜೀವಕೋಶಗಳನ್ನು ವರ್ಣಿಸಿದರು. 1865ರಲ್ಲಿ ಇಟಲಿಯ ಎನ್ರಿಕೊ ಸೆರ್ಟೋಲಿ ವೀರ್ಯಾಣುಗಳನ್ನು ಪೋಷಿಸುವ ಕೋಶಗಳನ್ನು ಕಂಡರು. 1889ರಲ್ಲಿ ಪ್ಯಾರಿಸಿನ 72 ವರ್ಷದ ಬ್ರೌನ್ ಸೆಕಾರ್ಡ್ ನಾಯಿ ಮತ್ತು ಗಿನಿಯಿಲಿಯ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡು, ಯೌವನ ಮರಳಿತೆಂದು ಸಭೆಯಲ್ಲಿ ಸಾರಿದರು. ಅದು ಬರೀ ಮನಸ್ಸಿನ ನಂಬಿಕೆಯ ಫಲ. ಆ ಹಾರ್ಮೋನು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ವೃಷಣದಲ್ಲಿ ಅದರ ದಾಸ್ತಾನೂ ಇರುವುದಿಲ್ಲ. ಆದರೂ ಯೌವನದ ಆಸೆಗೆ ಜನ ಮರುಳಾದರು. ಶಕ್ತಿಮದ್ದಿನ ವ್ಯಾಪಾರಕ್ಕೆ ಅಂದು ಸಿಕ್ಕ ಹುರುಪು ಇಂದಿಗೂ ಇಳಿದಿಲ್ಲ.

1905ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ರಕ್ತದ ಮೂಲಕ ಸಾಗುವ ಈ ದೂತರಿಗೆ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದರು. 1927ರಲ್ಲಿ ಶಿಕಾಗೋದಲ್ಲಿ ಫ್ರೆಡ್ ಕಾಚ್ ಮತ್ತು ಅವರ ಶಿಷ್ಯ ಸುಮಾರು 18 ಕಿಲೋ ಹೋರಿಯ ವೃಷಣಗಳಿಂದ 20 ಮಿಲಿಗ್ರಾಂ ಸಾರ ತೆಗೆದರು. ಅದನ್ನು ಚುಚ್ಚಿದಾಗ ವೃಷಣ ತೆಗೆದ ಹುಂಜದ ಬಿಳಿಚಿದ ಜುಟ್ಟು ಮತ್ತೆ ಕೆಂಪಾಗಿ ಬೆಳೆಯಿತು. ಎಂಬತ್ತು ವರ್ಷದ ನಂತರ ಬೆರ್ತೋಲ್ಡರ ಹುಂಜವೇ ಮತ್ತೆ ಸಾಕ್ಷಿ ಹೇಳಿತು! 1931ರಲ್ಲಿ ಅಡಾಲ್ಫ್ ಬುಟೆನಾಂಟ್ ಪೊಲೀಸರ ಸುಮಾರು 15 ಸಾವಿರ ಲೀಟರ್ ಮೂತ್ರದಿಂದ 15 ಮಿಲಿಗ್ರಾಂ ಗಂಡು ಹಾರ್ಮೋನನ್ನು ಬೇರ್ಪಡಿಸಿದರು. ಅವರು ಆಗ ಕೆಲಸ ಮಾಡುತ್ತಿದ್ದದ್ದೂ ಅದೇ ಗಾಟಿಂಗೆನ್ನಿನಲ್ಲಿ. 1935ರಲ್ಲಿ ಹಾಲೆಂಡಿನ ಲಾಕರ್ ಅವರ ತಂಡ ಹೋರಿಯ ವೃಷಣದಿಂದ ಟೆಸ್ಟೋಸ್ಟೆರೋನನ್ನು ಬೇರ್ಪಡಿಸಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಕಾ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇವರಿಬ್ಬರಿಗೂ 1939ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಬಂತು. ಇಂದು ಜರ್ಮನಿಯ ಹಾರ್ಮೋನು ತಜ್ಞರ ಸಂಘ ಬೆರ್ತೋಲ್ಡ್ ಹೆಸರಿನಲ್ಲೇ ಪದಕ ಕೊಡುತ್ತದೆ.

ನಮ್ಮ ನಾಡಿನಲ್ಲೂ ಈ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು, ಮೆದುಳಿನ ಬುಡದ ಗ್ರಂಥಿಯಿಂದ ಬರುವ ಎಫ್.ಎಸ್.ಎಚ್. ಹಾರ್ಮೋನಿಗೂ ವೀರ್ಯಾಣುಗಳ ಉತ್ಪತ್ತಿಗೂ ಇರುವ ಸಂಬಂಧವನ್ನು ಕೋತಿಗಳಲ್ಲಿ ವಿವರವಾಗಿ ಅಭ್ಯಸಿಸಿದರು. ನಮ್ಮ ದೇವರಾಯನದುರ್ಗದ ದಾರಿಯಲ್ಲಿ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಗಳ ಜಾತಿಯೇ ಅದು.

ಇಂದು ನಮಗೆ ತಿಳಿದಿರುವುದು

ವೃಷಣಕ್ಕೆ ಎರಡು ಕೆಲಸಗಳಿವೆ. ಒಂದು, ಸುರುಳಿ ಸುತ್ತಿದ ಸಣ್ಣ ನಾಳಗಳಲ್ಲಿ ವೀರ್ಯಾಣುಗಳನ್ನು ತಯಾರಿಸುವುದು. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಇದಕ್ಕೆ ದೇಹದ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪು ಅಗತ್ಯ. ಅದಕ್ಕಾಗಿಯೇ ಮನುಷ್ಯನಲ್ಲಿ ಅವು ದೇಹದ ಹೊರಗೆ ಚೀಲದಲ್ಲಿವೆ. ತಯಾರಾದ ವೀರ್ಯಾಣುಗಳು ಎಪಿಡಿಡೈಮಿಸ್ ಎಂಬ ಉದ್ದನೆಯ ಸುರುಳಿ ನಾಳದಲ್ಲಿ ಬಲಿತು, ವೀರ್ಯನಾಳದ ಮೂಲಕ ಮೇಲೇರಿ, ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವದೊಂದಿಗೆ ಸೇರುತ್ತವೆ. ಎರಡನೆಯ ಕೆಲಸ ಲೈಡಿಗ್ ಕೋಶಗಳದ್ದು. ಅವು ಟೆಸ್ಟೋಸ್ಟೆರೋನನ್ನು ತಯಾರಿಸಿ ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಹದಿಹರೆಯದಲ್ಲಿ ಧ್ವನಿ ಒಡೆಯುವುದು, ಮೀಸೆ ಮೂಡುವುದು, ಸ್ನಾಯುಗಳು ಬಲಿಯುವುದು ಇದರಿಂದಲೇ.

ನಾಳದ ದಾರಿ ಬೇರೆ, ರಕ್ತದ ದಾರಿ ಬೇರೆ. ಬೆರ್ತೋಲ್ಡರ ಕಸಿ ಹುಂಜಗಳಲ್ಲಿ ವೀರ್ಯಾಣು ಹೊರಹೋಗುವ ನಾಳದ ದಾರಿ ಕಡಿದಿತ್ತು, ಆದರೂ ಅವು ಕೂಗಿದವು. ವೀರ್ಯನಾಳ ಕತ್ತರಿಸಿದ ಗಂಡಸಿನ ಶಕ್ತಿ ಕುಂದುತ್ತದೆ, ಅವನು ಹೆಣ್ಣಿಗನಾಗುತ್ತಾನೆ ಎಂಬ ಮಾತು ಶರೀರವಿಜ್ಞಾನದ ದೃಷ್ಟಿಯಿಂದ ಸುಳ್ಳು ಎಂಬುದು ಇದರಿಂದಲೇ ತಿಳಿಯುತ್ತದೆ. ಅಂಥ ಶಸ್ತ್ರಕ್ರಿಯೆ ಧರ್ಮಸಮ್ಮತವೇ ಎಂಬುದು ಉಲೆಮಾಗಳು ಹೇಳಬೇಕಾದ ವಿಷಯ. ದೇಹದ ಸತ್ಯ ಮಾತ್ರ ಇಷ್ಟು.

ಈ ಗ್ರಂಥಿಗೂ ಮೇಲಧಿಕಾರಿಗಳಿದ್ದಾರೆ. ಮೆದುಳಿನ ಹೈಪೊಥಲಾಮಸ್, ಪಿಟ್ಯುಟರಿ ಗ್ರಂಥಿಗೆ ಆಜ್ಞೆ ಕೊಡುತ್ತದೆ. ಪಿಟ್ಯುಟರಿಯು ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಹಾರ್ಮೋನುಗಳ ಮೂಲಕ ವೃಷಣವನ್ನು ನಡೆಸುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಹೆಚ್ಚಾದರೆ ಮೇಲಿನ ಆಜ್ಞೆ ತಾನಾಗಿ ಕಡಿಮೆಯಾಗುತ್ತದೆ, ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲುವ ಹಾಗೆ. ಮೈಕಟ್ಟು ಬೆಳೆಸಲು ಜಿಮ್ಮುಗಳಲ್ಲಿ ವೈದ್ಯರ ಸಲಹೆಯಿಲ್ಲದೆ ಹಾರ್ಮೋನು ಚುಚ್ಚಿಸಿಕೊಳ್ಳುವ ಯುವಕರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಹೊರಗಿನಿಂದ ಹಾರ್ಮೋನು ಬಂದರೆ ಒಳಗಿನ ಕಾರ್ಖಾನೆ ನಿಲ್ಲುತ್ತದೆ, ವೀರ್ಯಾಣುಗಳ ಉತ್ಪತ್ತಿ ಕುಸಿಯುತ್ತದೆ, ವೃಷಣ ಸಣ್ಣದಾಗುತ್ತದೆ. ತೋಳು ದಪ್ಪವಾಗಬಹುದು, ಆದರೆ ಮುಂದೆ ಮಕ್ಕಳಾಗುವ ಭಾಗ್ಯಕ್ಕೆ ಅಡ್ಡಿಯಾಗಬಹುದು.

ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ಮಾತ್ರ ಆಸ್ಪತ್ರೆ, ದರ್ಗಾಗಳಿಗೆ ಅಲೆಸುವ ಮನೆಗಳು ಇನ್ನೂ ಇವೆ. ಇಂತಹ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡನ ಕಡೆಯೂ ಕಾರಣವಿರುತ್ತದೆ. ಗಂಡನ ಪರೀಕ್ಷೆ ಸರಳ, ಕಡಿಮೆ ಖರ್ಚಿನದು. ಅದನ್ನು ಮಾಡಿಸದೆ ಹೆಣ್ಣನ್ನು ದೂರುವುದು, ತಲಾಖಿನ ಮಾತು ಎತ್ತುವುದು ದೊಡ್ಡ ಅನ್ಯಾಯ.

ಆ ಹುಡುಗನ ಕಥೆ

ಈಗ ಮೊದಲು ಹೇಳಿದ ಘಟನೆಗೆ ಬರುತ್ತೇನೆ. ನಾನು ಪುಟ ತಿರುಗಿಸಿದ್ದ ಆ ತರಗತಿಯ ಒಬ್ಬ ಹುಡುಗನಿಗೆ ಒಂದು ಸಂಜೆ ತೊಡೆಸಂದಿಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂತು. ವಾಂತಿಯೂ ಆಯಿತು. ಅಮ್ಮಿಗೆ ಹೊಟ್ಟೆನೋವು ಎಂದ. ಅಬ್ಬನಿಗೆ ಏನೂ ಹೇಳಲಿಲ್ಲ. ಓಮದ ನೀರು ಕುಡಿದು ರಾತ್ರಿಯೆಲ್ಲ ಹೊರಳಾಡಿದ. ಮರುದಿನ ಮಧ್ಯಾಹ್ನ ತುಮಕೂರಿನ ಆಸ್ಪತ್ರೆಗೆ ಸೇರಿಸಿದಾಗ ತಡವಾಗಿತ್ತು. ವೃಷಣ ತನ್ನ ಬಳ್ಳಿಯ ಮೇಲೆ ತಿರುಚಿಕೊಂಡು ರಕ್ತ ಸಂಚಾರ ನಿಂತುಹೋಗಿತ್ತು. ಅದನ್ನು ತೆಗೆಯಬೇಕಾಯಿತು. ಇಂಥ ನೋವು ಬಂದ ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ಹೆಚ್ಚಿನವರಲ್ಲಿ ಅದನ್ನು ಉಳಿಸಬಹುದು. ಗಂಟೆಗಳು ಕಳೆದಂತೆ ಆಸೆ ಕಡಿಮೆಯಾಗುತ್ತದೆ.

ನೋಡಲು ಹೋದಾಗ ಅವನ ತಾಯಿ ಅಳುತ್ತಾ, ಸರ್, ಇನ್ನು ಇವನ ಶಾದಿ ಆಗುತ್ತದೆಯೇ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ವೈದ್ಯರು ಅವರನ್ನು ಕೂರಿಸಿಕೊಂಡು, ಇನ್ನೊಂದು ಸರಿಯಾಗಿದೆ, ಒಂದೇ ಸಾಕು, ಇವನು ಎಲ್ಲರಂತೆ ಬೆಳೆಯುತ್ತಾನೆ, ತಂದೆಯೂ ಆಗಬಲ್ಲ ಎಂದು ಸಮಾಧಾನ ಹೇಳಿದರು. ಬೆರ್ತೋಲ್ಡರ ವಿಷಯ ನಾನು ಓದಿದ್ದು ಅದಾದ ಮೇಲೆ. ಒಂದೇ ವೃಷಣ ಉಳಿದಿದ್ದ ಅವರ ಎರಡನೇ ಜೋಡಿಯ ಹುಂಜಗಳು ಕೂಗಿದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ತಾಯಿಯ ಮುಖ.

ತಂದೆತಾಯಿಗಳಲ್ಲಿ ಮತ್ತೊಂದು ಮಾತು. ಗಂಡು ಮಗು ಹುಟ್ಟಿದಾಗ ಎರಡೂ ವೃಷಣಗಳು ಚೀಲದೊಳಗೆ ಇಳಿದಿವೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿರಿ. ಆರು ತಿಂಗಳಾದರೂ ಇಳಿಯದಿದ್ದರೆ ತಜ್ಞರಿಗೆ ತೋರಿಸಬೇಕು. ದೊಡ್ಡವನಾದ ಮೇಲೆ ನೋಡೋಣ ಎಂದು ಬಿಟ್ಟರೆ ಮುಂದೆ ವೀರ್ಯಾಣುಗಳ ಕೊರತೆಯೂ, ಗಡ್ಡೆಯ ಅಪಾಯವೂ ಹೆಚ್ಚುತ್ತದೆ.

ನಮ್ಮಲ್ಲಿ ಹಯಾ ದೊಡ್ಡ ಗುಣ. ಅದು ಉಳಿಯಬೇಕು. ಆದರೆ ಹಯಾ ಎಂದರೆ ಅಜ್ಞಾನವಲ್ಲ. ಹುಡುಗ ಬಾಲಿಗ್ ಆದಾಗಿನಿಂದ ನಮಾಜ್, ರೋಜಾಗಳು ಅವನ ಮೇಲೆ ಕಡ್ಡಾಯವಾಗುತ್ತವೆ. ಗುಸ್ಲ್‌ನ ನಿಯಮಗಳನ್ನು ಮದರಸಾಗಳಲ್ಲಿ ಉಸ್ತಾದರು ಗಂಭೀರವಾಗಿ ಕಲಿಸುತ್ತಾರೆ, ಅಲ್ಲಿ ಯಾರೂ ನಗುವುದಿಲ್ಲ. ಬಾಲಿಗ್ ಆಗುವುದೆಂದರೆ ದೇಹದಲ್ಲಿ ಏನಾಗುವುದು ಎಂದು ಹೇಳುವ ಪಾಠವನ್ನು ಶಾಲೆಯಲ್ಲಿ ಅದೇ ಗಾಂಭೀರ್ಯದಿಂದ ಹೇಳಲು ನಮಗೇಕೆ ಸಂಕೋಚ? ನಾನು ಈಗ ಆ ಪುಟವನ್ನು ತಿರುಗಿಸುವುದಿಲ್ಲ. ಅವಕಾಶ ಸಿಕ್ಕಾಗ ಆರು ಹುಂಜಗಳ ಕಥೆಯಿಂದ ಆರಂಭಿಸುತ್ತೇನೆ. ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ.

ವಿದ್ಯಾರ್ಥಿ ಮಿತ್ರರೇ, ದೇಹದ ಯಾವ ಭಾಗದಲ್ಲಿ ನೋವು ಬಂದರೂ ಮನೆಯ ಹಿರಿಯರಿಗೆ ಹೇಳಿ. ಶಿಕ್ಷಕ ಬಂಧುಗಳೇ, ಆ ಪಾಠವನ್ನು ಬಿಡದೆ ಹೇಳಿ. ಬೆರ್ತೋಲ್ಡ್ ಬದುಕಿದ್ದಾಗ ಅವರ ಮಾತನ್ನು ಕೇಳಿದವರು ಕಡಿಮೆ. ಅವರು ಕಂಡ ಸತ್ಯ ನಮ್ಮ ಮಕ್ಕಳ ಪುಸ್ತಕದವರೆಗೆ ಬಂದು ತಲುಪಿದೆ. ಅದನ್ನು ಅವರ ಕಿವಿಗೂ ತಲುಪಿಸುವ ಹೊಣೆ ನಮ್ಮದು.